ಲಿವರ್ ತಪ್ಪಿಸಿ ಹರಿಯುವ ರಕ್ತ

ಹತ್ತು ತಿಂಗಳಿಗೇ ತೀರಿಕೊಂಡ ಒಂದು ಹೆಣ್ಣುಮಗುವಿನ ಮರಣೋತ್ತರ ಪರೀಕ್ಷೆಯ ವಿವರಗಳನ್ನು ಲಂಡನ್ನಿನ ಶಸ್ತ್ರವೈದ್ಯ ಜಾನ್ ಅಬರ್ನೆತಿ 1793ರಲ್ಲಿ ಪ್ರಕಟಿಸಿದರು. ಕರುಳಿನ ರಕ್ತವನ್ನು ಲಿವರ್‌ಗೆ ಒಯ್ಯಬೇಕಿದ್ದ ಪೋರ್ಟಲ್ ರಕ್ತನಾಳ ಆ ಮಗುವಿನಲ್ಲಿ ಲಿವರನ್ನು ಮುಟ್ಟಿರಲೇ ಇಲ್ಲ. ಹೃದಯದ ಕಡೆಗೆ ಸಾಗುವ ಮಹಾಸಿರೆಗೆ ನೇರವಾಗಿ ಕೂಡಿಕೊಂಡಿತ್ತು. ಹುಟ್ಟಿನಿಂದಲೇ ಬರುವ ಈ ಅಪರೂಪದ ದೋಷಕ್ಕೆ ಇಂದಿಗೂ ಅವರದೇ ಹೆಸರು.

ಉಂಡದ್ದರ ಬಹುಪಾಲು ಕರುಳಿನಿಂದ ರಕ್ತಕ್ಕಿಳಿದ ಮೇಲೆ ಮೊದಲು ದಾಟಬೇಕಾದ ಸುಂಕದಕಟ್ಟೆ ಲಿವರ್. ಅದಕ್ಕೆ ಬರುವ ರಕ್ತದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಪೋರ್ಟಲ್ ನಾಳದ್ದೇ. ಕರುಳಿನಲ್ಲಿ ಹುಟ್ಟುವ ಅಮೋನಿಯಾವನ್ನು ಲಿವರ್ ಯೂರಿಯಾ ಆಗಿಸಿ ಮೂತ್ರದ ದಾರಿಗೆ ಕಳಿಸುತ್ತದೆ. ಅಡ್ಡದಾರಿ ಇದ್ದಲ್ಲಿ ಅದೇ ಅಮೋನಿಯಾ ಮೆದುಳನ್ನು ತಲುಪುತ್ತದೆ.

ಮಗು ಮಂಕಾಗುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಸುತ್ತದೆ, ಓದಿನಲ್ಲಿ ಹಿಂದೆ ಬೀಳುತ್ತದೆ. ಕಾಮಾಲೆ ಕಾಣಿಸದಿರಬಹುದು, ಲಿವರ್‌ನ ಮಾಮೂಲಿ ರಕ್ತಪರೀಕ್ಷೆಯೂ ಬಹುತೇಕ ಸರಿಯಾಗಿಯೇ ಇರಬಹುದು. ಹಾಗಿರುವಾಗ ಲಿವರ್ ಮೇಲೆ ಯಾರಿಗೆ ಅನುಮಾನ ಬಂದೀತು? ರಕ್ತದ ಹಾದಿ ತಪ್ಪಿದ ಮಗುವಿಗೆ ‘ದಡ್ಡ’ ಎಂಬ ಹಣೆಪಟ್ಟಿ ಬೀಳಬಹುದೆಂಬುದು ನನ್ನನ್ನು ಬಹಳ ನೋಯಿಸುತ್ತದೆ.

ಕೆಲವರಲ್ಲಿ ಪೆಟ್ಟು ಬೀಳುವುದು ಶ್ವಾಸಕೋಶಕ್ಕೆ. ಅಲ್ಲಿನ ಸಣ್ಣ ನಾಳಗಳು ಹಿಗ್ಗಿ, ರಕ್ತ ಸಾಕಷ್ಟು ಆಮ್ಲಜನಕ ಹೀರದೆ ಮುಂದೆ ಸಾಗುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ಇನ್ನು ಕೆಲವರಲ್ಲಿ ಶ್ವಾಸಕೋಶದ ನಾಳಗಳಲ್ಲಿ ಒತ್ತಡ ಏರಿ ಹೃದಯದ ಬಲಭಾಗ ಸೋಲುತ್ತದೆ. ಎಲ್ಲಕ್ಕಿಂತ ಅಪಾಯದ್ದು ಇದೇ. ಪೋಷಣೆ ತಪ್ಪಿದ ಲಿವರ್‌ನಲ್ಲಿ ಗಂಟುಗಳೂ ಬೆಳೆಯಬಹುದು. ಹೆಚ್ಚಿನವು ನಿರಪಾಯಕಾರಿ, ಕೆಲವು ಕ್ಯಾನ್ಸರ್ ಆಗುವುದುಂಟು.

ನವಜಾತ ಶಿಶುವಿನ ರಕ್ತದಲ್ಲಿ ಗ್ಯಾಲಕ್ಟೋಸ್ ಎಂಬ ಸಕ್ಕರೆ ಹೆಚ್ಚಿದ್ದು, ಅದನ್ನು ಕರಗಿಸುವ ಕಿಣ್ವಗಳೆಲ್ಲ ಸರಿಯಿದ್ದರೆ, ಅದು ಈ ದೋಷದ ಸುಳಿವಾಗಿರಬಹುದು. ಡಾಪ್ಲರ್ ಸ್ಕ್ಯಾನ್ ಮಾಡಿದರೆ ರಕ್ತ ಎತ್ತ ಹರಿಯುತ್ತಿದೆಯೆಂದು ಕಾಣುತ್ತದೆ. ಲಿವರ್‌ನೊಳಗಿನ ಸಣ್ಣ ಅಡ್ಡದಾರಿಗಳು ಎಷ್ಟೋ ಸಲ ಮೊದಲ ವರ್ಷದಲ್ಲಿ ತಾವೇ ಮುಚ್ಚಿಕೊಳ್ಳುತ್ತವೆ. ಮುಚ್ಚದೆ ಉಳಿದದ್ದನ್ನು ರಕ್ತನಾಳದೊಳಗೆ ತೂರಿಸುವ ಸಪೂರ ನಳಿಕೆಯ (ಕ್ಯಾತಿಟರ್) ಮೂಲಕವೋ ಶಸ್ತ್ರಚಿಕಿತ್ಸೆಯಿಂದಲೋ ಮುಚ್ಚುತ್ತಾರೆ. ಲಿವರ್‌ನೊಳಗೆ ಪೋರ್ಟಲ್ ಕವಲುಗಳೇ ಇಲ್ಲದಿದ್ದರೆ ಲಿವರ್ ಕಸಿಯೇ ಬೇಕಾಗಬಹುದು. ದಾರಿ ಮುಚ್ಚಿದ ಮೇಲೆ ಅಮೋನಿಯಾ ಇಳಿಯುತ್ತದೆ, ನೀಲಿಗಟ್ಟಿದ ತುಟಿ ಸಾಮಾನ್ಯವಾಗಿ ಮತ್ತೆ ಕೆಂಪಾಗುತ್ತದೆ. ಶ್ವಾಸಕೋಶದ ನಾಳಗಳ ಒತ್ತಡ ಮಾತ್ರ ಒಮ್ಮೆ ಬಲಿತರೆ ಪೂರ್ತಿ ಇಳಿಯದೆ ಉಳಿದುಬಿಡಬಹುದು.