ಕಡಲಾಳದ ಅನಿಲದಲ್ಲಿ ಒಂದೂವರೆ ಆಣೆ ಪಾಲು

ಯಾದಗಿರಿ, ಶಹಾಪುರ, ಸುರಪುರಗಳ ಪೇಟೆಗಳಲ್ಲಿ ಪಾಲುದಾರಿಕೆಯ ಮಾತು ಬಂದಾಗ ಹಿರಿಯ ವ್ಯಾಪಾರಸ್ಥರು ಇಂದಿಗೂ ಶೇಕಡಾವಾರು ಲೆಕ್ಕದಲ್ಲಿ ಮಾತನಾಡುವುದಿಲ್ಲ. 'ಆ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ನಮ್ಮದು ನಾಲ್ಕಾಣೆ', 'ಈ ದಾಲ್ ಮಿಲ್ಲಿನಲ್ಲಿ ನಮ್ಮ ಅಣ್ಣನವರದು ಎರಡಾಣೆ' ಎಂದೇ ಹೇಳುತ್ತಾರೆ. ರೂಪಾಯಿಗೆ ಹದಿನಾರಾಣೆ ಎಂಬ ಪದ್ಧತಿ 1957ರಲ್ಲಿಯೇ ಕೊನೆಗೊಂಡಿದ್ದರೂ ಪಾಲಿನ ಭಾಷೆಯಲ್ಲಿ ಆಣೆ ಉಳಿದುಕೊಂಡಿದೆ. ಸುಮಾರು ಮೂರು ದಶಕಗಳ ನನ್ನ ವೃತ್ತಿಯಲ್ಲಿ ಎರಡಾಣೆ, ಮೂರಾಣೆ ಪಾಲುದಾರರು ನೂರಾರು ಮಂದಿ ನನ್ನ ಮುಂದೆ ಕುಳಿತಿದ್ದಾರೆ. ವರ್ಷದ ಕೊನೆಯಲ್ಲಿ ತಮಗೆ ಎಷ್ಟು ಲಾಭ ಬರುತ್ತದೆ ಎಂದು ಅವರೆಲ್ಲರೂ ಕೇಳಿದ್ದಾರೆ. ಉದ್ಯಮಕ್ಕೆ ಮತ್ತೆ ಹಣ ಬೇಕಾದಾಗ ತಾವು ಎಷ್ಟು ತರಬೇಕು, ತರಲಾಗದಿದ್ದರೆ ತಮ್ಮ ಪಾಲಿನ ಗತಿ ಏನು ಎಂದು ಕೇಳಿದವರನ್ನು ಮಾತ್ರ ಬೆರಳಲ್ಲಿ ಎಣಿಸಬಹುದು.

ಈ ಎರಡನೆಯ ಪ್ರಶ್ನೆಗೆ ನಮ್ಮ ದೇಶದಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ಉತ್ತರ ದೊರೆತದ್ದು ಸಮುದ್ರದ ತಳದಿಂದ ಅನಿಲ ತೆಗೆಯುವ ಉದ್ಯಮದಲ್ಲಿ. ನಮಗೂ ಆ ಸಮುದ್ರಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ನಾರಾಯಣಪುರದ ಬಸವಸಾಗರ ಜಲಾಶಯವನ್ನು ದಾಟಿ, ಸುರಪುರ ಮತ್ತು ಶಹಾಪುರ ಸೀಮೆಯ ದಕ್ಷಿಣದ ಅಂಚಿನಲ್ಲಿ ಹರಿದು, ಭೀಮೆಯನ್ನು ಕೂಡಿಕೊಂಡು ಮುಂದೆ ಸಾಗುವ ಕೃಷ್ಣೆ ಆಂಧ್ರದ ಕರಾವಳಿಯಲ್ಲಿ ಕಡಲು ಸೇರುತ್ತಾಳೆ. ಕೃಷ್ಣಾ ಗೋದಾವರಿಗಳು ಲಕ್ಷಾಂತರ ವರ್ಷಗಳಿಂದ ಹೊತ್ತು ತಂದು ಸುರಿದ ಹೂಳಿನ ಪದರಗಳಲ್ಲಿಯೇ ಆ ಅನಿಲ ಅಡಗಿದೆ. ಆದ್ದರಿಂದಲೇ ಅದಕ್ಕೆ ಕೃಷ್ಣಾ-ಗೋದಾವರಿ ಜಲಾನಯನ ಪ್ರದೇಶವೆಂಬ ಹೆಸರು. ಅಲ್ಲಿಯ ಅನಿಲವನ್ನು ಕಾಕಿನಾಡ ಸಮೀಪದಿಂದ ಗುಜರಾತಿನ ಭರೂಚ್‌ವರೆಗೆ ಸುಮಾರು 1,400 ಕಿಲೋಮೀಟರ್ ಒಯ್ಯುವ ಕೊಳವೆ ಮಾರ್ಗವೂ ನಮ್ಮ ರಾಜ್ಯದ ಈಶಾನ್ಯ ಮೂಲೆಯನ್ನು ಹಾದೇ ಹೋಗುತ್ತದೆ.

ಪಾಲು ಬೇರೆ, ಯಜಮಾನಿಕೆ ಬೇರೆ

ಕಡಲಿನ ತೈಲಕ್ಷೇತ್ರವನ್ನು ಒಂದೇ ಕಂಪನಿ ಪೂರ್ತಿಯಾಗಿ ಹಿಡಿದುಕೊಳ್ಳುವುದು ಅಪರೂಪ. ಒಂದು ಬಾವಿ ಕೊರೆದು ಏನೂ ಸಿಗದಿದ್ದರೆ ನೂರಾರು ಕೋಟಿ ನೀರಿಗೆ ಹೋಯಿತೆಂದೇ ಅರ್ಥ. ಆದ್ದರಿಂದ ಮೂರು ನಾಲ್ಕು ಕಂಪನಿಗಳು ಪಾಲು ಹಾಕಿಕೊಂಡು ಸರ್ಕಾರದೊಡನೆ ಉತ್ಪಾದನಾ ಹಂಚಿಕೆ ಒಪ್ಪಂದ ಮಾಡಿಕೊಳ್ಳುತ್ತವೆ. ತಮ್ಮೊಳಗೆ ಇನ್ನೊಂದು ಜಂಟಿ ನಿರ್ವಹಣಾ ಒಪ್ಪಂದವನ್ನು ಬರೆದುಕೊಳ್ಳುತ್ತವೆ. ಪಾಲುದಾರರಲ್ಲಿ ಒಬ್ಬರು ಆಪರೇಟರ್, ಅಂದರೆ ನಿರ್ವಾಹಕರು. ಬಾವಿ ಕೊರೆಯುವುದು, ಗುತ್ತಿಗೆ ಕೊಡುವುದು, ಲೆಕ್ಕ ಇಡುವುದು ಎಲ್ಲವೂ ಅವರ ಕೈಯಲ್ಲಿರುತ್ತದೆ. ಉಳಿದವರು ಸಮಿತಿಯ ಸಭೆಯಲ್ಲಿ ಕುಳಿತು ಪಾಲಿಗನುಗುಣವಾಗಿ ಮತ ಹಾಕಬಹುದು, ನಿಗದಿತ ಅವಧಿಯೊಳಗೆ ನಿರ್ವಾಹಕರ ಲೆಕ್ಕವನ್ನು ಪರಿಶೋಧಿಸಬಹುದು, ಮತ್ತು ಕರೆ ಬಂದಾಗ ಹಣ ಕಟ್ಟಬೇಕು.

ನಿರ್ವಾಹಕರದೇ ಹೆಚ್ಚಿನ ಪಾಲಾಗಿರಬೇಕೆಂಬ ನಿಯಮವೇನೂ ಇಲ್ಲ. ಆಂಧ್ರದ ಕರಾವಳಿಯಾಚೆಯ ರವ್ವಾ ಕ್ಷೇತ್ರದ 1994ರ ಒಪ್ಪಂದದಲ್ಲಿ ಒಎನ್‌ಜಿಸಿಯ ಪಾಲು ಶೇ. 40, ವಿಡಿಯೋಕಾನ್‌ನದು ಶೇ. 25, ರವ್ವಾ ಆಯಿಲ್‌ನದು ಶೇ. 12.5. ಕ್ಷೇತ್ರವನ್ನು ನಡೆಸುತ್ತಾ ಬಂದ ಕೇರ್ನ್ ಸಂಸ್ಥೆಯದು ಶೇ. 22.5 ಮಾತ್ರ. ಮುಂಬಯಿ ಕಡಲಿನ ಪನ್ನಾ-ಮುಕ್ತಾ-ತಾಪ್ತಿಯಲ್ಲಿ ಎನ್ರಾನ್‌ನ ಶೇ. 30 ಪಾಲನ್ನು 2002ರಲ್ಲಿ ಬ್ರಿಟನ್ನಿನ ಬಿಜಿ ಸಂಸ್ಥೆ ಕೊಂಡಿತು. ಪಾಲೇನೋ ಬಂದಿತು, ಆದರೆ ನಿರ್ವಾಹಕ ಸ್ಥಾನ ಅದರೊಡನೆ ತಾನಾಗಿಯೇ ಬರಲಿಲ್ಲ. ಒಎನ್‌ಜಿಸಿ ಮತ್ತು ರಿಲಯನ್ಸ್‌ಗಳೊಡನೆ ಮಾತುಕತೆ ನಡೆದು, ಕೊನೆಗೆ ಜಂಟಿ ನಿರ್ವಹಣೆಗೆ ಒಪ್ಪಿಕೊಳ್ಳಬೇಕಾಯಿತು. ಹಣ ಕೊಟ್ಟು ಪಾಲು ಕೊಂಡವರಿಗೆ ಗಲ್ಲೆಯ ಕೀಲಿಕೈಯೂ ಸಿಗುತ್ತದೆ ಎಂಬ ಭ್ರಮೆ ನಮ್ಮ ಅಡತ್ ಅಂಗಡಿಗಳಲ್ಲಿ ಮಾತ್ರ ಇರುವುದಲ್ಲ.

ನೈಕೋ ಕಥೆ

ಈ ಲೇಖನಕ್ಕೆ ಕಾರಣವಾದ ಪ್ರಕರಣಕ್ಕೆ ಬರೋಣ. 2000ದಲ್ಲಿ ಹೊಸ ಪರವಾನಗಿ ನೀತಿಯ ಮೊದಲ ಸುತ್ತಿನಲ್ಲಿ ಕಾಕಿನಾಡದಾಚೆಯ ಆಳಕಡಲಿನ ಡಿ-6 ಬ್ಲಾಕ್ ರಿಲಯನ್ಸ್ ಮತ್ತು ಕೆನಡಾದ ನೈಕೋ ರಿಸೋರ್ಸಸ್ ಕಂಪನಿಗಳಿಗೆ ದೊರೆಯಿತು. ರಿಲಯನ್ಸ್‌ನದು ಶೇ. 90 ಮತ್ತು ನಿರ್ವಾಹಕ ಸ್ಥಾನ, ನೈಕೋದ್ದು ಶೇ. 10. ನಮ್ಮ ಲೆಕ್ಕದಲ್ಲಿ ಒಂದೂವರೆ ಆಣೆಗೆ ಕೊಂಚ ಮೇಲೆ. 2002ರಲ್ಲಿ ಅಲ್ಲಿ ಭಾರೀ ಅನಿಲ ನಿಕ್ಷೇಪ ಪತ್ತೆಯಾಯಿತು. ಕ್ಯಾಲ್ಗರಿ ಪಟ್ಟಣದ ಆ ಸಣ್ಣ ಕಂಪನಿಯ ಅದೃಷ್ಟ ಒಮ್ಮೆಗೇ ತೆರೆಯಿತು. ಕಾಲಾಂತರದಲ್ಲಿ ಅದರ ಷೇರಿನ ಬೆಲೆ 100 ಕೆನಡಾ ಡಾಲರನ್ನೂ ದಾಟಿತು.

ಆದರೆ ಅನಿಲ ಕಂಡದ್ದಕ್ಕೂ ಅದು ಕೊಳವೆಗೆ ಬಂದದ್ದಕ್ಕೂ ನಡುವೆ ಏಳು ವರ್ಷ ಸಂದಿತು. 2004ರ ಮೊದಲ ಯೋಜನೆಯಲ್ಲಿ ವೆಚ್ಚದ ಅಂದಾಜು 240 ಕೋಟಿ ಡಾಲರ್. 2006ರ ಪರಿಷ್ಕೃತ ಯೋಜನೆಯಲ್ಲಿ ಉತ್ಪಾದನೆಯ ಗುರಿಯನ್ನು ಇಮ್ಮಡಿಗೊಳಿಸಿ, ವೆಚ್ಚವನ್ನು ಎರಡು ಹಂತಗಳಿಗೆ ಸೇರಿ 880 ಕೋಟಿ ಡಾಲರ್ ಎಂದು ತೋರಿಸಲಾಯಿತು. ಈ ಏರಿಕೆಯ ಬಗೆಗೆ ದೇಶದಲ್ಲಿ ನಡೆದ ವಾದವಿವಾದಗಳನ್ನೂ, 2011ರ ಮಹಾಲೇಖಪಾಲರ ವರದಿಯನ್ನೂ ಓದುಗರು ಬಲ್ಲರು. ಅದರ ನ್ಯಾಯಾನ್ಯಾಯ ಈ ಲೇಖನದ ವಿಷಯವಲ್ಲ. ಹತ್ತು ಶೇಕಡದವನ ಕಣ್ಣಿನಿಂದ ನೋಡಿದರೆ, ಮೊದಲ ಯೋಜನೆಯಲ್ಲಿ 24 ಕೋಟಿ ಡಾಲರ್ ಇದ್ದ ಅವನ ಹೊಣೆ ಎರಡೇ ವರ್ಷದಲ್ಲಿ ಕಾಗದದ ಮೇಲೆ 88 ಕೋಟಿಗೆ ಏರಿತು. ಯೋಜನೆಯನ್ನು ರೂಪಿಸುವವನು ಅವನಲ್ಲ, ಆದರೆ ಅದರ ಹತ್ತನೆಯ ಒಂದು ಭಾಗವನ್ನು ಕಟ್ಟಬೇಕಾದವನು ಅವನೇ.

2009ರ ಏಪ್ರಿಲ್‌ನಲ್ಲಿ ಅನಿಲ ಬಂದಿತು. 2010ರಲ್ಲಿ ಉತ್ಪಾದನೆ ದಿನಕ್ಕೆ 6 ಕೋಟಿ ಘನ ಮೀಟರ್ ದಾಟಿತು. ಆಮೇಲೆ ನಿರೀಕ್ಷೆಗೆ ವಿರುದ್ಧವಾಗಿ ಕುಸಿಯತೊಡಗಿತು. 2011ರಲ್ಲಿ ರಿಲಯನ್ಸ್ ತನ್ನ ಪಾಲಿನಿಂದ ಶೇ. 30ನ್ನು ಬ್ರಿಟನ್ನಿನ ಬಿಪಿ ಸಂಸ್ಥೆಗೆ ಮಾರಿ ಹಣ ಪಡೆದುಕೊಂಡಿತು. ನೈಕೋ ತನ್ನ ಶೇ. 10ನ್ನು ಹಾಗೆಯೇ ಇಟ್ಟುಕೊಂಡಿತು. ಬಾವಿಗಳ ಆದಾಯ ಇಳಿದಂತೆ ಸಾಲದ ಹೊರೆ ಏರಿತು. ಷೇರಿನ ಬೆಲೆ ನೂರರಿಂದ ಪುಡಿಗಾಸಿಗೆ ಬಂದಿತು.

2017ರ ಜೂನ್‌ನಲ್ಲಿ ರಿಲಯನ್ಸ್ ಮತ್ತು ಬಿಪಿ ಅದೇ ಬ್ಲಾಕಿನ ಬೇರೆ ಮೂರು ನಿಕ್ಷೇಪಗಳಿಗೆ ಸುಮಾರು 40,000 ಕೋಟಿ ರೂಪಾಯಿ ಹೂಡುವುದಾಗಿ ಪ್ರಕಟಿಸಿದವು. ನೈಕೋ ಪಾಲಿಗೆ ಸುಮಾರು 4,000 ಕೋಟಿ. ಹೊಸ ಸಾಲಕ್ಕಾಗಿ ಅದು ಅಲೆಯಿತು, ಸಿಗಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಹಣದ ಕರೆಗೆ, ಆ ಉದ್ಯಮದವರು 'ಕ್ಯಾಶ್ ಕಾಲ್' ಎನ್ನುವುದಕ್ಕೆ, ಹಣ ಕಟ್ಟಲಾಗದೆ ಸುಸ್ತಿದಾರನಾಯಿತು.

ಇಂತಹ ಒಪ್ಪಂದಗಳಲ್ಲಿ ಸುಸ್ತಿಯ ಕಲಂ ಸಾಮಾನ್ಯವಾಗಿ ಬಹಳ ಕಠಿಣವಾಗಿರುತ್ತದೆ. ಮೊದಲು ನೋಟಿಸು. ಅನಂತರ ಮತದಾನದ ಹಕ್ಕು ಹೋಗುತ್ತದೆ, ಅನಿಲ ಮಾರಿದ ಹಣದಲ್ಲಿ ಬರಬೇಕಾದುದು ನಿಲ್ಲುತ್ತದೆ. ಅವನ ಭಾಗವನ್ನು ಉಳಿದವರು ತಮ್ಮ ಪಾಲಿನ ಪ್ರಮಾಣದಲ್ಲಿ ತುಂಬುತ್ತಾರೆ. ಗಡುವು ಮೀರಿದರೆ ಪಾಲನ್ನೇ ಬಿಟ್ಟುಕೊಟ್ಟು ಹೊರನಡೆಯಬೇಕು. ಅದಕ್ಕೆ ಬೆಲೆ ಕೊಡುವ ಮಾತೇ ಇರುವುದಿಲ್ಲ. ಡಿ-6ರಲ್ಲಿಯೂ ನೈಕೋ ತನ್ನ ಪಾಲನ್ನು ಬಿಟ್ಟು ಹೊರನಡೆಯಬೇಕಾಯಿತು. ಶೇ. 60 ಮತ್ತು ಶೇ. 30ರ ಪ್ರಮಾಣದಲ್ಲಿ ಆ ಹತ್ತು ಹಂಚಿಹೋಗಿ ರಿಲಯನ್ಸ್‌ಗೆ ಶೇ. 66.67, ಬಿಪಿಗೆ ಶೇ. 33.33 ಆಯಿತು. 2020ರ ಡಿಸೆಂಬರ್‌ನಲ್ಲಿ ಹೊಸ ನಿಕ್ಷೇಪಗಳ ಮೊದಲನೆಯದರಿಂದ ಅನಿಲ ಹೊರಟಿತು. 2023-24ರ ವೇಳೆಗೆ ಮೂರೂ ಸೇರಿ ದಿನಕ್ಕೆ ಸುಮಾರು 3 ಕೋಟಿ ಘನ ಮೀಟರ್ ಬರುತ್ತಿತ್ತು. ಹದಿನೆಂಟು ವರ್ಷ ಪಾಲುದಾರನಾಗಿದ್ದವನಿಗೆ ಅದರಲ್ಲಿ ಒಂದು ಘನ ಮೀಟರೂ ಇಲ್ಲ.

ಸಣ್ಣ ಪಾಲೆಂದರೆ ಯಾವಾಗಲೂ ನಷ್ಟವೇ ಎಂದು ಇದರಿಂದ ತಿಳಿಯಬಾರದು. ವಿಡಿಯೋಕಾನ್ ಸಂಸ್ಥೆ 2008ರಲ್ಲಿ ಆಫ್ರಿಕಾದ ಮೊಜಾಂಬಿಕ್ ಕಡಲಿನ ಒಂದು ಬ್ಲಾಕಿನಲ್ಲಿ ಇದೇ ಶೇ. 10ರ ಪಾಲು ಪಡೆದಿತ್ತು. ಅಲ್ಲಿ ಬೃಹತ್ ಅನಿಲ ದೊರೆತ ಮೇಲೆ, ಕಟ್ಟುವ ಕೆಲಸದ ದೊಡ್ಡ ಕರೆಗಳು ಬರುವುದಕ್ಕೆ ಮುಂಚೆಯೇ, ಅದನ್ನು ಒಎನ್‌ಜಿಸಿ ವಿದೇಶ್ ಮತ್ತು ಆಯಿಲ್ ಇಂಡಿಯಾಗಳಿಗೆ ಸುಮಾರು 247 ಕೋಟಿ ಡಾಲರಿಗೆ ಮಾರಿಬಿಟ್ಟಿತು. 2014ರ ಜನವರಿಯಲ್ಲಿ ವ್ಯವಹಾರ ಮುಗಿಯಿತು. (ಅದೇ ಸಂಸ್ಥೆ ಬೇರೆ ಉದ್ಯಮಗಳ ಸಾಲದಿಂದ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾದುದು ಬೇರೆಯ ಮಾತು.) ಕೊಂಡವರು ಇನ್ನೂ ಕಾಯುತ್ತಿರುವಾಗಲೇ 2021ರಲ್ಲಿ ಅಲ್ಲಿ ಉಗ್ರರ ದಾಳಿಯಿಂದಾಗಿ ಕಾಮಗಾರಿ ನಿಂತುಹೋಯಿತು.

ಮಂಗಳೂರಿಗೆ ಬಂದ ಸಖಾಲಿನ್ ತೈಲ

ನಮ್ಮ ರಾಜ್ಯದ ಬಂದರಿಗೇ ಬಂದು ಮುಟ್ಟಿದ ಉದಾಹರಣೆಯೊಂದುಂಟು. ರಷ್ಯಾದ ಪೂರ್ವ ತುದಿಯ ಸಖಾಲಿನ್-1 ಕಡಲ ಯೋಜನೆಯಲ್ಲಿ ಒಎನ್‌ಜಿಸಿ ವಿದೇಶ್ 2001ರಲ್ಲಿ ಶೇ. 20 ಪಾಲು ಕೊಂಡಿತು. ಅಮೆರಿಕದ ಎಕ್ಸಾನ್ ಶೇ. 30ರೊಂದಿಗೆ ನಿರ್ವಾಹಕ, ಜಪಾನಿನ ಕೂಟದ್ದು ಶೇ. 30, ಉಳಿದದ್ದು ರಷ್ಯಾದ ರೋಸ್ನೆಫ್ಟ್‌ನ ಅಂಗಸಂಸ್ಥೆಗಳದು. ಒಎನ್‌ಜಿಸಿ 2003ರಲ್ಲಿ ವಶಕ್ಕೆ ಪಡೆದಿದ್ದ ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರಕ್ಕೆ 2006ರ ಕೊನೆಯಲ್ಲಿ ಸಖಾಲಿನ್‌ನ ಮೊದಲ ಕಚ್ಚಾ ತೈಲದ ಹಡಗು ಬಂದಿತು.

ಇಲ್ಲಿ ಕರೆಗೆ ಹಣ ಕಟ್ಟುವ ಶಕ್ತಿ ಇತ್ತು. ಗಂಡಾಂತರ ಬೇರೆ ದಿಕ್ಕಿನಿಂದ ಬಂದಿತು. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದೊಡನೆ ಎಕ್ಸಾನ್ ಹೊರನಡೆಯುವುದಾಗಿ ಸಾರಿತು, ಉತ್ಪಾದನೆ ಬಹುಮಟ್ಟಿಗೆ ನಿಂತಿತು. ಅಕ್ಟೋಬರ್‌ನಲ್ಲಿ ರಷ್ಯಾ ಸರ್ಕಾರ ಯೋಜನೆಯನ್ನು ಹೊಸದೊಂದು ಕಂಪನಿಗೆ ವರ್ಗಾಯಿಸಿ, ಹಳೆಯ ಪಾಲುದಾರರು ಪಾಲು ಬೇಕಿದ್ದರೆ ಅರ್ಜಿ ಹಾಕಬೇಕೆಂದಿತು. ನಮ್ಮವರು ಅರ್ಜಿ ಹಾಕಿ ಶೇ. 20ನ್ನು ಉಳಿಸಿಕೊಂಡರು. ಇಪ್ಪತ್ತೊಂದು ವರ್ಷ ಹಣ ಹೂಡಿದವರು ತಮ್ಮದೇ ಪಾಲಿಗೆ ಅರ್ಜಿದಾರರಾದರು.

ನಮ್ಮ ಪಾಲುದಾರಿಕೆ ಪತ್ರದಲ್ಲಿ

ಲೆಕ್ಕದ ವಿಷಯ ಎರಡು ಮಾತಿನಲ್ಲಿ: ಇಂತಹ ತೈಲಕ್ಷೇತ್ರದ ಪಾಲು ಕಂಪನಿಯ ಆಸ್ತಿ-ಹೊಣೆ ಪಟ್ಟಿಯಲ್ಲಿ ಷೇರಿನಂತೆ ಒಂದೇ ಸಾಲಾಗಿ ನಿಲ್ಲುವುದಿಲ್ಲ. ಲೆಕ್ಕಪತ್ರ ಮಾನದಂಡಗಳ ಪ್ರಕಾರ ಬಾವಿ, ಯಂತ್ರ, ಸಾಲ, ಆದಾಯ, ಖರ್ಚು ಪ್ರತಿಯೊಂದರಲ್ಲಿಯೂ ತನ್ನ ಭಾಗವನ್ನು ಬೇರೆ ಬೇರೆ ಬರೆದುಕೊಳ್ಳಬೇಕು. ಕ್ಷೇತ್ರ ಬರಿದಾದ ಮೇಲೆ ಕಡಲಿನ ಕಟ್ಟೋಣಗಳನ್ನು ಕಿತ್ತು ತೆಗೆಯುವ ಖರ್ಚಿನಲ್ಲಿಯೂ ಪಾಲುಂಟು. ಅಂದರೆ ಹತ್ತು ಶೇಕಡದವನು ಹೊಣೆಯಲ್ಲಿಯೂ ಹತ್ತು ಶೇಕಡದವನೇ.

ನಮ್ಮ ಪಾಲುದಾರಿಕೆ ಸಂಸ್ಥೆಯಲ್ಲಿ ಸ್ಥಿತಿ ಇನ್ನೂ ಬಿಗಿ. 1932ರ ಪಾಲುದಾರಿಕೆ ಕಾಯ್ದೆಯ 25ನೇ ಕಲಮಿನಂತೆ ಎರಡಾಣೆಯವನೂ ಹೊರಗಿನ ಸಾಲಕ್ಕೆ ಹದಿನಾರಾಣೆಗೂ ಹೊಣೆ. ಬದಲಿಗೆ ಕೆಲವು ರಕ್ಷಣೆಗಳಿವೆ: 12ನೇ ಕಲಮಿನಂತೆ ಎಷ್ಟೇ ಸಣ್ಣ ಪಾಲುದಾರನಾದರೂ ಪುಸ್ತಕಗಳನ್ನು ನೋಡಿ ನಕಲು ಪಡೆಯಬಹುದು. 33ನೇ ಕಲಮಿನಂತೆ, ಪತ್ರದಲ್ಲಿ ಅಧಿಕಾರ ಬರೆದಿಲ್ಲದೆ, ಹೆಚ್ಚಿನವರೆಲ್ಲ ಸೇರಿದರೂ ಒಬ್ಬನನ್ನು ಹೊರಹಾಕುವಂತಿಲ್ಲ. ಬರೆದಿದ್ದರೂ ಸದ್ಭಾವನೆಯಿಂದಲೇ ಬಳಸಬೇಕು. ಖಾಸಗಿ ಕಂಪನಿಯಾದರೆ ಕರೆ ಬೇರೆ ವೇಷದಲ್ಲಿ ಬರುತ್ತದೆ. 2013ರ ಕಾಯ್ದೆಯ 62ನೇ ಕಲಮಿನಂತೆ ಹೊಸ ಷೇರುಗಳ ಆಹ್ವಾನ ಬಂದು, ಹೆಚ್ಚೆಂದರೆ ಮೂವತ್ತು ದಿನಗಳಲ್ಲಿ ಹಣ ಹಾಕದಿದ್ದರೆ ಇಪ್ಪತ್ತರ ಪಾಲು ಎಂಟಾಗಬಹುದು. ಪಾಲು ಹತ್ತು ಶೇಕಡಕ್ಕಿಂತ ಕೆಳಗೆ ಇಳಿಯಿತೆಂದರೆ, ಷೇರುದಾರರ ಸಂಖ್ಯೆಯ ಆಧಾರ ಇಲ್ಲದ ಪಕ್ಷದಲ್ಲಿ, ದಬ್ಬಾಳಿಕೆಯ ವಿರುದ್ಧ ನ್ಯಾಯಮಂಡಳಿಗೆ ಹೋಗುವ 244ನೇ ಕಲಮಿನ ಬಾಗಿಲೂ ಮುಚ್ಚಿಕೊಳ್ಳುತ್ತದೆ. ಮಂಡಳಿ ವಿಶೇಷ ವಿನಾಯಿತಿ ಕೊಟ್ಟರೆ ಮಾತ್ರ ಪ್ರವೇಶ.

ಕೆಲವು ವರ್ಷಗಳ ಹಿಂದೆ ಶಹಾಪುರ ಕಡೆಯ ಅಡತಿ ವ್ಯಾಪಾರಿಯೊಬ್ಬರು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯೊಂದರಲ್ಲಿ ಎರಡಾಣೆ ಪಾಲು ಹಾಕಿದರು. ಮೂರನೆಯ ವರ್ಷ ಬೇಲ್ ಪ್ರೆಸ್ ಕೂಡಿಸಲು ಎಲ್ಲರೂ ಹಣ ತರಬೇಕಾಯಿತು. ಆ ಹಂಗಾಮಿನಲ್ಲಿ ಅವರ ಹಣವೆಲ್ಲ ರೈತರ ಮುಂಗಡದಲ್ಲಿ ಸಿಕ್ಕಿಬಿದ್ದಿತ್ತು. ಉಳಿದವರು ತುಂಬಿದರು, ತುಂಬಿದವರು ಇವರ ಪಾಲು ಒಂದಾಣೆಗೆ ಇಳಿಯಿತೆಂದರು, ಇವರು ಇಲ್ಲವೆಂದರು. ನಾಲ್ಕು ಪುಟದ ಪತ್ರದಲ್ಲಿ ಹೆಚ್ಚಿನ ಬಂಡವಾಳದ ಬಗೆಗೆ ಒಂದು ಅಕ್ಷರವೂ ಇರಲಿಲ್ಲ. ಆ ಪತ್ರವನ್ನು ನೋಡಿ, ಸರಿಯಿದೆ ಎಂದು ಹೇಳಿದವನು ನಾನೇ. ಎರಡು ವರ್ಷ ಜಗ್ಗಾಡಿ, ಹಿರಿಯರ ಮುಂದೆ ಒಂದೂವರೆ ಆಣೆಗೆ ರಾಜಿಯಾಯಿತು.

ಅಂದಿನಿಂದ ನನ್ನ ಬಳಿ ಬರುವ ಪತ್ರಗಳಲ್ಲಿ ಒಂದು ಕಲಂ ಸೇರಿಸುತ್ತಿದ್ದೇನೆ. ಹೊಸ ಬಂಡವಾಳ ಕೇಳಲು ಎಷ್ಟು ಪಾಲಿನ ಒಪ್ಪಿಗೆ ಬೇಕು, ವರ್ಷಕ್ಕೆ ಗರಿಷ್ಠ ಎಷ್ಟು ಕೇಳಬಹುದು, ಎಷ್ಟು ದಿನದ ಗಡುವು, ತರಲಾಗದವನ ಭಾಗವನ್ನು ಬೇರೆಯವರು ತುಂಬಿದರೆ ಅದು ಬಡ್ಡಿಯ ಸಾಲವೋ ಪಾಲಿನ ಇಳಿತವೋ, ಇಳಿತವಾದರೆ ಯಾವ ಬೆಲೆಗೆ ಎಂಬುದೆಲ್ಲ ಅದರಲ್ಲಿ ಬರುತ್ತದೆ. ಹತ್ತಿ, ತೊಗರಿ ವ್ಯಾಪಾರಿಗಳಿದ್ದರೆ ಗಡುವು ಖರೀದಿ ಹಂಗಾಮಿನಲ್ಲಿ ಬೀಳಬಾರದು ಎಂಬ ಮಾತನ್ನೂ ಬರೆಸುತ್ತೇನೆ. ಶುಭಮುಹೂರ್ತದಲ್ಲಿ ಸಹಿ ಹಾಕುವಾಗ ಇಂತಹ ಅಪಶಕುನದ ಕಲಂ ಏಕೆಂದು ಕೇಳುವವರು ಬಹಳ. ಕಳೆದ ತಿಂಗಳು ಅದೇ ಶಹಾಪುರದ ವ್ಯಾಪಾರಿಗಳು ಸುರಪುರ ಕಾಲುವೆ ಸೀಮೆಯ ಅಕ್ಕಿ ಗಿರಣಿಯೊಂದರ ಕರಡು ಪತ್ರದೊಡನೆ ಬಂದಿದ್ದರು. ಬಂಡವಾಳದ ಕಲಮಿನ ಪಕ್ಕದಲ್ಲಿ ಅವರೇ ಪೆನ್ಸಿಲಿನಿಂದ ಬರೆದಿದ್ದರು: 'ಮುಂದಿನ ಹಣ?'