ದೇವಾಲಯದಲ್ಲಿ ಹಸಿವಿನ ತೆರೆ

ಕ್ರೈಸ್ತ ಸಭೆಯ ವರುಷದಲ್ಲಿ ನಾಲ್ವತ್ತು ದಿನಗಳ ಒಂದು ಕಾಲವುಂಟು. ಬೂದಿ ಬುಧವಾರದಂದು ಆರಂಭವಾಗಿ ಪುನರುತ್ಥಾನದ ಹಬ್ಬದ ಮುಂಚಿನ ಶನಿವಾರದಂದು ಮುಗಿಯುವ ಈ ಕಾಲವನ್ನು ಕೆಲವರು ಲೆಂಟ್ ಎಂತಲೂ ಕೆಲವರು ತಪಸ್ಸಿನ ಕಾಲವೆಂತಲೂ ಕರೆಯುವರು. ನಡುವೆ ಬರುವ ಆರು ಭಾನುವಾರಗಳನ್ನು ಎಣಿಕೆಗೆ ತೆಗೆದುಕೊಳ್ಳುವ ವಾಡಿಕೆಯಿಲ್ಲ. ಯಾಕಂದರೆ ಪ್ರತಿಯೊಂದು ಭಾನುವಾರವೂ ಕರ್ತನು ಎದ್ದುಬಂದುದನ್ನು ಸ್ಮರಿಸುವ ದಿನವಾದುದರಿಂದ ಅಂದು ಉಪವಾಸವು ಸಲ್ಲದು. ನಮ್ಮ ಸ್ವಾಮಿಯು ಅಡವಿಯಲ್ಲಿ ನಾಲ್ವತ್ತು ದಿವಸ ಉಪವಾಸವಿದ್ದುದನ್ನು ನೆನೆದು, ಊಟದಲ್ಲಿಯೂ ಉಡಿಗೆಯಲ್ಲಿಯೂ ಮಾತಿನಲ್ಲಿಯೂ ಮಿತವನ್ನು ಕಲಿಯುವುದೇ ಈ ಕಾಲದ ಉದ್ದೇಶವು. ಇದನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಆದರೆ ಹೊಟ್ಟೆಗೆ ಉಪವಾಸವಿರುವಂತೆ ಕಣ್ಣಿಗೂ ಒಂದು ಉಪವಾಸವಿತ್ತೆಂಬುದನ್ನೂ, ಆ ಉಪವಾಸದಿಂದ ಹುಟ್ಟಿದ ಒಂದು ಕಲೆಯು ನಮ್ಮ ಕಾಲದಲ್ಲಿ ಪುನಃ ಜೀವಗೊಂಡಿತೆಂಬುದನ್ನೂ, ಆ ಪುನರ್ಜೀವನದಲ್ಲಿ ನಮ್ಮ ಕನ್ನಡ ಸೀಮೆಗೂ ಒಂದು ಪಾಲುಂಟೆಂಬುದನ್ನೂ ಬಲ್ಲವರು ಕೆಲವರೇ. ಅದನ್ನು ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರಿಗೂ ಹೆತ್ತವರಿಗೂ ವಿವರಿಸಬೇಕೆಂಬುದೇ ನಮ್ಮ ಈ ಲೇಖನದ ಅಪೇಕ್ಷೆ.

ಸುಮಾರು ಸಾವಿರ ವರುಷಗಳ ಹಿಂದೆ ಯೂರೋಪಿನ ದೇವಾಲಯಗಳಲ್ಲಿ ತಪಸ್ಸಿನ ಕಾಲವು ಬಂದೊಡನೆ ವೇದಿಕೆಗೂ ಜನರಿಗೂ ನಡುವೆ ಒಂದು ದೊಡ್ಡ ನಾರುಬಟ್ಟೆಯ ತೆರೆಯನ್ನು ತೂಗಹಾಕುವ ಪದ್ಧತಿಯು ಬಳಕೆಗೆ ಬಂದಿತ್ತು. ಹಬ್ಬದ ದಿನಗಳಲ್ಲಿ ಕಣ್ಣನ್ನು ತಣಿಸುತ್ತಿದ್ದ ವೇದಿಕೆಯ ಬಂಗಾರವೂ ದೀಪಗಳೂ ಆ ತೆರೆಯ ಹಿಂದೆ ಮರೆಯಾಗುತ್ತಿದ್ದವು. ಜನರು ಆರಾಧನೆಯನ್ನು ಕಿವಿಯಿಂದ ಕೇಳಬಹುದಾಗಿತ್ತೇ ಹೊರತು ಕಣ್ಣಿನಿಂದ ನೋಡುವಂತಿರಲಿಲ್ಲ. ಪಾಪವು ಮನುಷ್ಯನನ್ನು ದೇವರ ಸನ್ನಿಧಿಯಿಂದ ಅಗಲಿಸುತ್ತದೆಂಬ ಸತ್ಯವನ್ನು ಓದುಬಾರದವರಿಗೂ ತಿಳಿಸುವುದಕ್ಕೆ ಇದಕ್ಕಿಂತ ಸರಳವಾದ ಪಾಠವು ಬೇರೆ ಯಾವುದಿದ್ದೀತು? ಶ್ರಮವಾರದ ಬುಧವಾರದಂದು ಸ್ವಾಮಿಯ ಶ್ರಮಾನುಭವದ ಕಥೆಯನ್ನು ಓದುತ್ತಾ, ಯೆರೂಸಲೇಮಿನ ದೇವಾಲಯದ ತೆರೆಯು ಹರಿದುಹೋಯಿತೆಂಬ ಮಾತು ಬಂದೊಡನೆ ಈ ತೆರೆಯನ್ನು ಕೆಳಕ್ಕೆ ಬೀಳಿಸುತ್ತಿದ್ದರು. ವಾರಗಟ್ಟಲೆ ಮರೆಯಾಗಿದ್ದುದು ಕ್ಷಣಮಾತ್ರದಲ್ಲಿ ಕಣ್ಣೆದುರಿಗೆ ನಿಲ್ಲುತ್ತಿತ್ತು. ಕ್ರಿಸ್ತನ ಮರಣವು ಅಗಲಿಕೆಯನ್ನು ನೀಗಿಸಿತೆಂಬ ಸುವಾರ್ತೆಯನ್ನು ಆ ಜನರು ಹೀಗೆ ಕಣ್ಣಾರೆ ಕಾಣುತ್ತಿದ್ದರು.

ಜರ್ಮನ್ ಭಾಷೆಯಲ್ಲಿ ಈ ತೆರೆಗೆ ‘ಹುಂಗರ್‌ತೂಖ್’ ಎಂಬ ಹೆಸರು. ಹಸಿವಿನ ಬಟ್ಟೆಯೆಂಬುದು ಅದರ ಅರ್ಥ. ಬಡತನದಲ್ಲಿ ಸಿಕ್ಕಿಬಿದ್ದವನನ್ನು ಕುರಿತು, ಅವನು ಹಸಿವಿನ ಬಟ್ಟೆಯನ್ನು ಕಚ್ಚುತ್ತಿದ್ದಾನೆಂದು ಆ ದೇಶದಲ್ಲಿ ಇಂದಿಗೂ ಹೇಳುವುದುಂಟು. ಅದರ ಹಳೆಯ ರೂಪದಲ್ಲಿ ಕಚ್ಚುವುದೆಂದಲ್ಲ, ಹಸಿವಿನ ಬಟ್ಟೆಯನ್ನು ಹೊಲಿಯುವುದೆಂದಿತ್ತು.

ಮೊದಮೊದಲು ಈ ತೆರೆಗಳು ಬಣ್ಣವಿಲ್ಲದ ಬರಿಯ ಬಟ್ಟೆಗಳಾಗಿದ್ದವು. ಕಾಲಕ್ರಮದಲ್ಲಿ, ಮರೆಮಾಡುವ ಬಟ್ಟೆಯೇ ಬೋಧಿಸುವ ಪುಸ್ತಕವೂ ಆಗಬಾರದೇಕೆಂದು ಯೋಚಿಸಿ ಅದರ ಮೇಲೆ ಸತ್ಯವೇದದ ಕಥೆಗಳನ್ನು ಬರೆಯತೊಡಗಿದರು. ಆಸ್ಟ್ರಿಯ ದೇಶದ ಗುರ್ಕ್ ಎಂಬ ಊರಿನ ಮಹಾದೇವಾಲಯದಲ್ಲಿ 1458ರಲ್ಲಿ ಫ್ರೀಸಾಖಿನ ಕೊನ್ರಾಡನೆಂಬ ಚಿತ್ರಗಾರನು ಬರೆದ ತೆರೆಯೊಂದಿದೆ. ಅದರ ಉದ್ದಗಲಗಳು ಹೆಚ್ಚುಕಡಿಮೆ ಒಂಬತ್ತೊಂಬತ್ತು ಮೀಟರು. ಅದರಲ್ಲಿ 99 ಚಿತ್ರಗಳು. ಲೋಕದ ಸೃಷ್ಟಿಯಿಂದ ತೊಡಗಿ ಕಡೆಯ ತೀರ್ಪಿನ ವರೆಗೆ ಇಡೀ ಸತ್ಯವೇದವೇ ಅದರಲ್ಲಿ ಸಾಲುಸಾಲಾಗಿ ನಿಂತಿದೆ. ಅಕ್ಷರವರಿಯದ ರೈತನು ನಾಲ್ವತ್ತು ದಿವಸವೂ ಆ ಚಿತ್ರಗಳ ಮುಂದೆ ಕುಳಿತು ತನ್ನ ಪಾಠವನ್ನು ತಾನೇ ಓದಿಕೊಳ್ಳುತ್ತಿದ್ದನು.

ಎಲ್ಲಾ ತೆರೆಗಳೂ ಕುಂಚದ ಕೆಲಸವಾಗಿರಲಿಲ್ಲ. ಉತ್ತರ ಜರ್ಮನಿಯ ಲ್ಯೂನೆ ಮುಂತಾದ ಕನ್ಯಾಮಠಗಳಲ್ಲಿ ಬಿಳಿಯ ಬಟ್ಟೆಯ ಮೇಲೆ ಬಿಳಿಯ ನೂಲಿನಿಂದಲೇ ಕಸೂತಿ ಹಾಕಿದ ಬಟ್ಟೆಗಳು ಉಳಿದುಬಂದಿವೆ. ವೆಸ್ಟ್‌ಫಾಲಿಯ ಪ್ರಾಂತದ ಟೆಲ್ಗ್‌ಟೆ ಎಂಬ ಊರಿನಲ್ಲಿ 1623ರ ತೆರೆಯೊಂದಿದೆ. ಅದರಲ್ಲಿ ನಾರುಬಟ್ಟೆಯ ಚೌಕಗಳೂ ಬಲೆಯಂತೆ ಗಂಟುಕಟ್ಟಿ ಅದರ ಕಣ್ಣುಗಳನ್ನು ಸೂಜಿಯಿಂದ ತುಂಬಿ ಚಿತ್ರಮಾಡಿದ ಚೌಕಗಳೂ ಚದುರಂಗದ ಮಣೆಯಂತೆ ಒಂದಾದ ಮೇಲೊಂದು ಬರುತ್ತವೆ. ನಮ್ಮ ಶಾಲೆಗಳಲ್ಲಿ ಲೇಸನ್ನೂ ಕಸೂತಿಯನ್ನೂ ಕಲಿತ ಸಹೋದರಿಯರು ಈ ಕೆಲಸದ ಶ್ರಮವನ್ನು ನಾವು ಹೇಳದೆಯೇ ಅರಿಯಬಲ್ಲರು. ಒಂದು ಅಂಗೈಯಗಲದ ಚಿತ್ರಕ್ಕೆ ಎಷ್ಟು ಸಂಜೆಗಳು ಬೇಕು, ಎಷ್ಟು ತಾಳ್ಮೆ ಬೇಕು! ಸೂಜಿನೂಲಿನ ಕೆಲಸವನ್ನು ಹೊತ್ತುಕಳೆಯುವ ವಿನೋದವೆಂದು ಹಗುರವಾಗಿ ಎಣಿಸುವವರು ಈ ತೆರೆಗಳನ್ನು ನೆನಪಿನಲ್ಲಿಡತಕ್ಕದ್ದು. ಶತಮಾನಗಳ ವರೆಗೆ ಅನೇಕ ಹೆಂಗಸರ ಪ್ರಾರ್ಥನೆಯು ಸೂಜಿಯ ಮೊನೆಯಿಂದಲೇ ಬರೆಯಲ್ಪಟ್ಟಿತು.

ಇಷ್ಟರಲ್ಲಿ ನಮ್ಮ ಸಭೆಯ ಹಿರಿಯರು ಒಂದು ಪ್ರಶ್ನೆಯನ್ನು ಕೇಳಬಹುದು: ‘ಚಿತ್ರಗಳೆಲ್ಲವೂ ಬೇಡವೆಂದಲ್ಲವೆ ನಮ್ಮ ಸುಧಾರಕರು ಬೋಧಿಸಿದ್ದು?’ ಪ್ರಶ್ನೆಯು ನ್ಯಾಯವಾದದ್ದೇ. ಸ್ವಿಟ್ಸರ್ಲೆಂಡಿನ ಜೂರಿಕ್ ಪಟ್ಟಣದಲ್ಲಿ 1524ರಲ್ಲಿ ದೇವಾಲಯಗಳೊಳಗಿನ ಚಿತ್ರಗಳನ್ನೂ ಪ್ರತಿಮೆಗಳನ್ನೂ ತೆಗೆದುಹಾಕಿದರು. 1529ರಲ್ಲಿ ಬಾಸೆಲ್ ಪಟ್ಟಣದಲ್ಲಿ ಜನರು ಗುಂಪುಕೂಡಿ ಅವನ್ನು ಒಡೆದು ಸುಟ್ಟರು. ಅದೇ ಬಾಸೆಲಿನಿಂದ ಹೊರಟ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರು ಕಟ್ಟಿದ ದೇವಾಲಯಗಳ ಗೋಡೆಗಳು ಬಿಳಿದಾಗಿ ಬರಿದಾಗಿರುವುದಕ್ಕೆ ಕಾರಣವು ಈ ಹಳೆಯ ಚರಿತ್ರೆಯಲ್ಲಿದೆ. ಲೂಥರನು ಸಹ 1526ರಲ್ಲಿ ಆರಾಧನೆಯ ಕ್ರಮವನ್ನು ಬರೆದಾಗ ಹಸಿವಿನ ತೆರೆಯನ್ನು ಅನಾವಶ್ಯಕವಾದ ಆಡಂಬರಗಳ ಪಟ್ಟಿಯಲ್ಲಿ ಸೇರಿಸಿದನು. ಆದರೆ ಅದೇ ಲೂಥರನ ಜರ್ಮನ್ ಸತ್ಯವೇದವು 1534ರಲ್ಲಿ ಅಚ್ಚಾದಾಗ ಮರದಚ್ಚಿನ ಚಿತ್ರಗಳಿಂದ ತುಂಬಿತ್ತು. ಚಿತ್ರಕ್ಕೆ ಅಡ್ಡಬೀಳುವುದು ಬೇರೆ, ಚಿತ್ರದಿಂದ ಕಲಿಯುವುದು ಬೇರೆ ಎಂಬ ವಿವೇಕವು ಅವನಿಗಿತ್ತು.

ಈ ವಿವೇಕಕ್ಕೆ ಜಿಟ್ಟಾವ್ ಎಂಬ ಪಟ್ಟಣವೇ ಒಳ್ಳೆಯ ಸಾಕ್ಷಿ. ಜರ್ಮನಿಯ ಪೂರ್ವದ ಅಂಚಿನಲ್ಲಿರುವ ಆ ಪಟ್ಟಣದಲ್ಲಿ 1472ರಲ್ಲಿ 90 ಚಿತ್ರಗಳುಳ್ಳ ದೊಡ್ಡ ತೆರೆಯೊಂದನ್ನು ಮಾಡಿಸಿದ್ದರು. ಪಟ್ಟಣವು ಲೂಥರನ ಬೋಧೆಯನ್ನು ಅಂಗೀಕರಿಸಿದ ಮೇಲೂ ಅಲ್ಲಿಯ ಜನರು ಆ ತೆರೆಯನ್ನು ಬಿಡಲಿಲ್ಲ. ಅಷ್ಟೇ ಅಲ್ಲ, 1573ರಲ್ಲಿ ಮತ್ತೊಂದು ಚಿಕ್ಕ ತೆರೆಯನ್ನೂ ಮಾಡಿಸಿದರು. ದೊಡ್ಡ ತೆರೆಯು 1672ರ ವರೆಗೂ ಬಳಕೆಯಲ್ಲಿತ್ತು. ಅನಂತರ ಅದು ಮರೆತುಹೋಗಿ, 1840ರಲ್ಲಿ ಪಟ್ಟಣದ ಪುಸ್ತಕಭಂಡಾರದ ಕಪಾಟುಗಳ ಹಿಂದೆ ಪುನಃ ದೊರೆಯಿತು. 1945ರಲ್ಲಿ ಯುದ್ಧವು ಮುಗಿಯುವ ಹೊತ್ತಿಗೆ ಅದಕ್ಕೆ ಮತ್ತೊಂದು ವಿಪತ್ತು ಒದಗಿತು. ಸಮೀಪದ ಬೆಟ್ಟದಲ್ಲಿ ಬಚ್ಚಿಟ್ಟಿದ್ದ ತೆರೆಯನ್ನು ಸೈನಿಕರು ತುಂಡುಗಳಾಗಿ ಹರಿದು ತಮ್ಮ ಹಬೆಸ್ನಾನದ ಕೋಣೆಗೆ ಹೊದಿಸಿದರು. ಬಣ್ಣವೆಷ್ಟೋ ಹಬೆಗೆ ಕರಗಿಹೋಯಿತು. ಕಾಡಿನಲ್ಲಿ ಬಿದ್ದಿದ್ದ ಆ ತುಂಡುಗಳನ್ನು ಸೌದೆ ಆರಿಸುತ್ತಿದ್ದವನೊಬ್ಬನು ಕಂಡು ಊರಿಗೆ ತಂದನು. 1994–95ರಲ್ಲಿ ಸ್ವಿಟ್ಸರ್ಲೆಂಡಿನ ಕುಶಲರು ಅವನ್ನು ಕೂಡಿಸಿ ಕಾಪಾಡಿದರು. 1999ರಿಂದ ಅದನ್ನು ಅದೇ ಪಟ್ಟಣದ ಶಿಲುಬೆಯ ದೇವಾಲಯದಲ್ಲಿ ಗಾಜಿನೊಳಗೆ ಇರಿಸಿದ್ದಾರೆ. ಅಳಿಸಿಹೋದ ಚಿತ್ರಗಳನ್ನು ಹೊಸದಾಗಿ ಬರೆಯದೆ ಹಾಗೆಯೇ ಉಳಿಸಿರುವುದರಿಂದ, ಕ್ರಿಸ್ತನ ಶ್ರಮೆಗಳನ್ನು ತೋರಿಸುವ ಬಟ್ಟೆಯು ತಾನು ಪಟ್ಟ ಶ್ರಮೆಯನ್ನೂ ತೋರಿಸುತ್ತಿದೆ.

ಹೀಗೆ ಹೆಚ್ಚುಕಡಿಮೆ ವಸ್ತುಸಂಗ್ರಹಾಲಯದ ಸೊತ್ತಾಗಿಹೋಗಿದ್ದ ಈ ಪದ್ಧತಿಗೆ ಹೊಸ ಪ್ರಾಣವು ಬಂದದ್ದು 1976ರಲ್ಲಿ. ಜರ್ಮನಿಯ ಕಥೋಲಿಕ ಬಿಷಪರು ಲೋಕದ ಹಸಿವನ್ನೂ ರೋಗವನ್ನೂ ನೀಗಿಸುವ ಸಹಾಯಕ್ಕಾಗಿ 1958ರಲ್ಲಿ ಮಿಸೆರೆಯೋರ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದ್ದರು. ಕನಿಕರಪಡುತ್ತೇನೆಂಬುದು ಆ ಲತೀನ್ ಪದದ ಅರ್ಥ. ಹಸಿದ ಜನರ ಗುಂಪನ್ನು ಕಂಡು ನಮ್ಮ ಸ್ವಾಮಿಯು ಆಡಿದ ಮಾತಿನಿಂದ ಅದನ್ನು ಆರಿಸಿಕೊಂಡರು. ತಪಸ್ಸಿನ ಕಾಲದಲ್ಲಿ ಜನರಿಂದ ಕಾಣಿಕೆಯನ್ನು ಕೂಡಿಸುವ ಈ ಸಂಸ್ಥೆಯವರು, ಹಳೆಯ ಹಸಿವಿನ ತೆರೆಯ ಹೆಸರಿನಲ್ಲಿ ಇಂದಿನ ಹಸಿವನ್ನು ನೆನಪಿಗೆ ತರಬಹುದೆಂದು ಯೋಚಿಸಿದರು. ಅದರ ಚಿತ್ರವನ್ನು ಯೂರೋಪಿನವರಲ್ಲ, ಏಷ್ಯ, ಆಫ್ರಿಕ, ಲ್ಯಾಟಿನ್ ಅಮೆರಿಕಗಳ ಕಲಾವಿದರು ಬರೆಯಲಿ ಎಂದುಕೊಂಡರು. ಮೊದಲನೆಯ ತೆರೆಯನ್ನು ಬರೆದವರು ಭಾರತದ ಜ್ಯೋತಿ ಸಾಹಿಯವರು.

1944ರಲ್ಲಿ ಪುಣೆಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಚಿತ್ರಕಲೆಯನ್ನು ಅಭ್ಯಾಸಮಾಡಿದ ಸಾಹಿಯವರು ಬೆಂಗಳೂರಿನ ಉತ್ತರದಲ್ಲಿರುವ ಸಿಲ್ವೇಪುರವೆಂಬ ಹಳ್ಳಿಯಲ್ಲಿ ನೆಲಸಿ ಕಲಾಶ್ರಮವೊಂದನ್ನು ನಡೆಸಿದವರು. 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಥೋಲಿಕ ಸಭೆಯ ರಾಷ್ಟ್ರೀಯ ಬೋಧನಾಕೇಂದ್ರದ ಪ್ರಾರ್ಥನಾಮಂದಿರದಲ್ಲಿಯೂ ಅವರ ಕೈಗೆಲಸವುಂಟು. ನಮ್ಮ ನಾಡಿನ ಮರ, ಬೆಟ್ಟ, ನೀರು, ದೀಪ ಇವುಗಳ ಭಾಷೆಯಲ್ಲಿಯೇ ಸುವಾರ್ತೆಯನ್ನು ಹೇಳಬೇಕೆಂಬುದು ಅವರ ಸಾಧನೆಯ ಸಾರವು.

ಇದರ ಮಹತ್ವವನ್ನು ವಾಚಕರು ಸ್ವಲ್ಪ ಯೋಚಿಸಬೇಕು. ನಮ್ಮ ಹಿರಿಯರ ಕಾಲದಲ್ಲಿ ಸಂಡೇ ಸ್ಕೂಲಿನ ಚಿತ್ರಪಟಗಳು ಯೂರೋಪಿನಿಂದ ಬರುತ್ತಿದ್ದವು. ಅವುಗಳಲ್ಲಿ ಯೇಸುಸ್ವಾಮಿಯು ಹೊಂಬಣ್ಣದ ಕೂದಲಿನವನು, ಮರಿಯಳು ನೀಲಿಗಣ್ಣಿನವಳು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಟಲಿಯ ಮೊಸ್ಕೇನಿಯವರು ಚಿತ್ರಿಸಿದರು; ಅವರ ಕೈಚಳಕವು ನಿಜವಾಗಿಯೂ ಅದ್ಭುತವಾದದ್ದು, ಆದರೆ ಅಲ್ಲಿಯ ಮುಖಗಳೂ ಉಡುಪುಗಳೂ ಆಕಾಶವೂ ಇಟಲಿಯವೇ. ಇಂಥ ಚಿತ್ರಗಳಿಂದ ನಮ್ಮವರ ಭಕ್ತಿಯು ಬೆಳೆದದ್ದು ಸುಳ್ಳಲ್ಲ. ಆದರೂ ಕ್ರಿಸ್ತನು ದೂರದೇಶದವನು, ನಾವು ಅವನ ಮನೆಗೆ ಹೋದ ಅತಿಥಿಗಳು ಎಂಬ ಒಂದು ಭಾವನೆಯನ್ನೂ ಅವು ಮಕ್ಕಳ ಮನಸ್ಸಿನಲ್ಲಿ ಬಿತ್ತಿದವು. 1976ರಲ್ಲಿ ದಾರಿಯು ಹಿಂದುಮುಂದಾಯಿತು. ಭಾರತದಲ್ಲಿ ಹುಟ್ಟಿದ ಚಿತ್ರವು ಜರ್ಮನಿಯ ದೇವಾಲಯಗಳಿಗೆ ಹೋಗಿ, ಅಲ್ಲಿಯ ಸಭೆಗಳಿಗೆ ಉಪವಾಸದ ಅರ್ಥವನ್ನು ಬೋಧಿಸಿತು. ಕಲಿಸುವವರು ಕಲಿಯುವವರಾದರು, ಕೊಡುವವರಿಗೆ ತಾವು ಪಡೆಯುವವರೂ ಹೌದೆಂಬುದು ಕಂಡುಬಂದಿತು.

ಅಂದಿನಿಂದ ಈ ತೆರೆಗಳ ಸಾಲು ನಿಂತಿಲ್ಲ. ಮೂಲಚಿತ್ರವನ್ನು ಬಟ್ಟೆಯ ಮೇಲೆ ಅಚ್ಚುಹಾಕಿಸಿ ಸಭೆಗಳಿಗೂ ಶಾಲೆಗಳಿಗೂ ಕಳುಹಿಸುವರು. 1978ರದನ್ನು ಇಥಿಯೋಪಿಯದ ಅಲೆಮಾಯೆಹು ಬಿಜುನೆ ಎಂಬವರೂ 1982ರದನ್ನು ಹೈತಿಯ ಜಾಕ್ ಶೆರಿ ಎಂಬವರೂ ಬರೆದರು. ಹೈತಿಯ ತೆರೆಯಲ್ಲಿ ಕಪ್ಪು ಮೈಬಣ್ಣದ ಕ್ರಿಸ್ತನು ಜೀವವೃಕ್ಷದ ಮೇಲೆಯೇ ತೂಗುತ್ತಿದ್ದಾನೆ. 1990ರ ತೆರೆಯು ನಮ್ಮ ಸಂಚಿಕೆಗೆ ವಿಶೇಷವಾಗಿ ತಕ್ಕದ್ದು. ಗೋವೆಯಲ್ಲಿ ಹುಟ್ಟಿದ ಲೂಸಿ ಡಿಸೋಜರು ಅದನ್ನು ಚಿತ್ರಿಸಿದರು. ಅದರ ವಿಷಯವು ಸತ್ಯವೇದದ ಸ್ತ್ರೀಯರು. ದೇವರ ರಾಜ್ಯಕ್ಕೆ ದಾರಿತೋರಿಸುವವರನ್ನಾಗಿ ಅವರನ್ನು ಅಲ್ಲಿ ನಿಲ್ಲಿಸಿದ್ದಾರೆ. ಭಾರತದ ಮಗಳೊಬ್ಬಳ ಕೈಯಿಂದ ಬಂದ ಆ ಸ್ತ್ರೀಯರ ಚಿತ್ರಗಳನ್ನು ನೋಡುತ್ತಾ ಪರದೇಶದ ಸಭೆಗಳು ನಾಲ್ವತ್ತು ದಿವಸ ಪ್ರಾರ್ಥಿಸಿದವು. ಹೆಣ್ಣುಮಕ್ಕಳಿಗೆ ಅಕ್ಷರವೇಕೆಂದು ಕೇಳುತ್ತಿದ್ದ ಕಾಲದಲ್ಲಿ ಬಾಗಿಲು ತೆರೆದ ನಮ್ಮಂಥ ಶಾಲೆಗಳಿಗೆ ಇದು ಸಂತೋಷದ ವಾರ್ತೆಯಲ್ಲವೆ?

2021ರ ತೆರೆಯು ಇನ್ನೂ ವಿಚಿತ್ರವಾದದ್ದು. ಚಿಲಿ ದೇಶದಲ್ಲಿ ಹುಟ್ಟಿದ ಲಿಲಿಯನ್ ಮೊರೆನೊ ಸಾಂಚೆಸ್ ಎಂಬ ಸ್ತ್ರೀಯು ಅದನ್ನು ಮಾಡಿದರು. ಅದರಲ್ಲಿರುವುದು ಮುರಿದ ಪಾದವೊಂದರ ಎಕ್ಸರೇ ಚಿತ್ರ. 2019ರಲ್ಲಿ ಸಾಂತಿಯಾಗೊ ಪಟ್ಟಣದ ಬೀದಿಗಳಲ್ಲಿ ಜನರು ನ್ಯಾಯವನ್ನು ಕೇಳುತ್ತಾ ಕೂಡಿದಾಗ ಗಾಯಗೊಂಡವರೊಬ್ಬರ ಪಾದವದು. ಆಸ್ಪತ್ರೆಯ ಹಾಸಿಗೆಯ ಹೊದಿಕೆಯೇ ಅವರ ಬಟ್ಟೆ. ಆ ಜನರು ಕೂಡಿದ್ದ ಚೌಕದ ಧೂಳನ್ನು ಅದಕ್ಕೆ ತಿಕ್ಕಿದ್ದಾರೆ. ಬಟ್ಟೆಯ ಮೇಲೆ ಬಂಗಾರದ ಬಣ್ಣದ ಹೊಲಿಗೆಗಳಿವೆ, ಬಂಗಾರದ ಹೂಗಳಿವೆ. ಗಾಯವನ್ನು ಹೊಲಿಯುವ ವೈದ್ಯನ ಸೂಜಿಯೂ ಬಟ್ಟೆಯನ್ನು ಹೊಲಿಯುವ ಹೆಂಗಸಿನ ಸೂಜಿಯೂ ಅಲ್ಲಿ ಒಂದಾಗಿವೆ. ಕ್ರಿಸ್ತನ ರೂಪವು ಅದರಲ್ಲಿ ಎಲ್ಲಿಯೂ ಇಲ್ಲ. ಆದರೂ ಮೊಳೆಹೊಡೆಸಿಕೊಂಡ ಪಾದಗಳನ್ನು ನೆನೆಯದೆ ಅದನ್ನು ನೋಡುವುದು ಕ್ರೈಸ್ತರಿಗೆ ಸಾಧ್ಯವಿಲ್ಲ.

ಇಂಥ ಹೊಸ ಚಿತ್ರಗಳನ್ನು ಕಂಡಾಗ ‘ಇದು ಚೆಂದವಾಗಿಲ್ಲ, ಇದು ತಿಳಿಯುವುದಿಲ್ಲ’ ಎಂದು ಮುಖ ತಿರುಗಿಸುವುದು ಸುಲಭ. ಹಸಿವಿನ ತೆರೆಯನ್ನು ನೋಡುವ ಕ್ರಮವು ಬೇರೆ. ಅದನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬಾರದು. ವಾರಕ್ಕೊಂದು ಭಾಗವೆಂದು ಇಟ್ಟುಕೊಳ್ಳಬೇಕು. ಮೊದಲು ಅಲ್ಲಿ ಏನಿದೆಯೆಂಬುದನ್ನಷ್ಟೇ ನೋಡುವುದು; ಬಳಿಕ ಅದಕ್ಕೆ ಸಂಬಂಧಪಟ್ಟ ವೇದಭಾಗವನ್ನು ಓದುವುದು; ಕಡೆಯಲ್ಲಿ, ಇದು ನನ್ನಿಂದ ಏನನ್ನು ಕೇಳುತ್ತದೆಂದು ಮೌನವಾಗಿ ಆಲೋಚಿಸುವುದು. ಮೂರನೆಯದನ್ನು ಬಿಟ್ಟರೆ ತೆರೆಯು ಗೋಡೆಯ ಅಲಂಕಾರವಾಗಿಬಿಡುವುದು. ಬಡವರ ಕಷ್ಟವನ್ನು ಚಿತ್ರದಲ್ಲಿ ನೋಡಿ ಕಣ್ಣೀರಿಟ್ಟು, ಬಾಗಿಲಲ್ಲಿ ನಿಂತ ಬಡವನನ್ನು ಬರಿಗೈಯಲ್ಲಿ ಕಳುಹಿಸಿದರೆ, ಅಂಥ ಭಕ್ತಿಯಿಂದ ಯಾರ ಹೊಟ್ಟೆಯೂ ತುಂಬದು.

ನಮ್ಮ ಮನೆಗಳಲ್ಲಿ ಇದನ್ನು ಆಚರಿಸುವುದಕ್ಕೆ ದೊಡ್ಡ ಖರ್ಚೇನೂ ಬೇಡ. ತಾಯಂದಿರು ಬೂದಿ ಬುಧವಾರದಂದು ಪ್ರಾರ್ಥನೆಯ ಕೋಣೆಯಲ್ಲಿ ಒಂದು ಬಿಳಿಯ ಪಂಚೆಯ ತುಂಡನ್ನು ತೂಗಹಾಕಲಿ. ವಾರಕ್ಕೊಮ್ಮೆ ಮಕ್ಕಳು ಒಂದು ವೇದಕಥೆಯನ್ನು ಓದಿ, ತಮಗೆ ತಿಳಿದಂತೆ ಅದರ ಮೇಲೆ ಚಿತ್ರ ಬರೆಯಲಿ, ಇಲ್ಲವೆ ಕಸೂತಿ ಹಾಕಲಿ. ಆ ಚಿತ್ರಗಳಲ್ಲಿ ಯೇಸುಸ್ವಾಮಿಯು ನಮ್ಮ ಊರಿನ ಕೆರೆಯ ಏರಿಯ ಮೇಲೆ ನಡೆದರೆ, ಸಮಾರ್ಯದ ಹೆಂಗಸು ನಮ್ಮ ಬೀದಿಯ ಬಾವಿಯಲ್ಲಿ ನೀರು ಸೇದಿದರೆ ಯಾರೂ ತಿದ್ದುವುದು ಬೇಡ. ಅಡಿಗೆಗೆ ಮುಂಚೆ ಒಂದು ಹಿಡಿ ಅಕ್ಕಿಯನ್ನು ಎತ್ತಿಡುವ ವಾಡಿಕೆಯು ಹಲವು ಸಭೆಗಳ ಹೆಂಗಸರಲ್ಲಿ ಬಹುಕಾಲದಿಂದ ಇದೆ. ಆ ಅಕ್ಕಿಯ ಪಾತ್ರೆಯನ್ನು ಇದೇ ತೆರೆಯ ಕೆಳಗೆ ಇರಿಸಲಿ. ಶುಭ ಶುಕ್ರವಾರದಂದು ಶ್ರಮಾನುಭವದ ಕಥೆಯನ್ನು ಓದಿ, ತೆರೆಯನ್ನು ಇಳಿಸಿ ಮಡಿಚಿ, ಪಾತ್ರೆಯಲ್ಲಿರುವುದನ್ನು ಹಸಿದವರ ಮನೆಗೆ ಮುಟ್ಟಿಸಲಿ. ಹೀಗೆ ಮಾಡುವ ಮನೆಯ ಮಕ್ಕಳಿಗೆ ಉಪವಾಸದ ಅರ್ಥವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ.

ಸಕಲ ತೆರೆಗಳನ್ನೂ ನೀಗಿಸಿದ ಕರ್ತನು ಈ ಶಾಲೆಯ ಹೆಣ್ಣುಮಕ್ಕಳ ಕಣ್ಣುಗಳಿಗೆ ಕಾಣುವ ಶಕ್ತಿಯನ್ನೂ ಕೈಗಳಿಗೆ ಕೊಡುವ ಮನಸ್ಸನ್ನೂ ಅನುಗ್ರಹಿಸಲಿ.