ಬಿಡುವ ಹೊತ್ತಿಗೆ ಬಂದ ಬೆಲೆ

ಕೆಲಸ ಬಿಟ್ಟು ಹೋಗುತ್ತೇನೆಂದು ಒಬ್ಬಾತನು ಅರ್ಜಿ ಕೊಟ್ಟ ಮರುದಿನ, ಅದುವರೆಗೆ ಅವನ ಮುಖವನ್ನೇ ಸರಿಯಾಗಿ ನೋಡದಿದ್ದ ಯಜಮಾನರು ಕರೆದು ಕೂರಿಸಿ, ಚಹಾ ತರಿಸಿ, ‘ಅವರು ಕೊಡುವುದನ್ನು ನಾವೇ ಕೊಡುತ್ತೇವೆ, ಮೇಲೆ ಇನ್ನಷ್ಟು ತೆಗೆದುಕೊಳ್ಳಿರಿ, ಇಲ್ಲಿಯೇ ಇರಿ’ ಎಂದು ಹೇಳುವುದುಂಟು. ಇದಕ್ಕೆ ಕಚೇರಿಗಳಲ್ಲಿ ಕೌಂಟರ್ ಆಫರ್ ಎನ್ನುತ್ತಾರೆ. ಕನ್ನಡದಲ್ಲಿ ಬಳಕೆಗೆ ಬಂದ ಶಬ್ದವೊಂದು ಇದಕ್ಕಿದ್ದಂತಿಲ್ಲ. ‘ಪ್ರತಿಕೊಡುಗೆ’ ಎಂದರೆ ಮದುವೆಯ ಮುಯ್ಯಿಯ ನೆನಪಾಗುತ್ತದೆ. ಶಬ್ದ ಇಲ್ಲವೆಂದ ಮಾತ್ರಕ್ಕೆ ಸಂಗತಿ ನಮಗೆ ಹೊಸದೆಂದು ತಿಳಿಯಬೇಕಾಗಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಯ ಸೀಮೆಯಲ್ಲಿ ವರ್ಷಕ್ಕೊಮ್ಮೆ, ಯುಗಾದಿಯ ಸುಮಾರಿಗೆ, ಈ ಪ್ರಸಂಗ ಊರೂರಿನಲ್ಲಿ ನಡೆಯುತ್ತಿತ್ತು.

ಎರೆಯ ಹೊಲದ ಮುಖ್ಯ ಬೆಳೆ ಹಿಂಗಾರಿ ಜೋಳ. ಮಳೆಗಾಲದ ಕೊನೆಗೆ, ಸೆಪ್ಟೆಂಬರ್ ಅಕ್ಟೋಬರ್ ತಿಂಗಳಲ್ಲಿ ಬಿತ್ತಿದ್ದು ನೆಲದೊಳಗಿನ ಹಸಿಯನ್ನೇ ಕುಡಿದು ಬೆಳೆದು, ಫೆಬ್ರುವರಿಯ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ರಾಶಿ ಮುಗಿದು, ಕಣ ಖಾಲಿಯಾಗಿ, ಕಾಳು ಹಗೇವು ಸೇರಿದ ಮೇಲೆ ಬರುವ ಹಬ್ಬ ಯುಗಾದಿ. ಆದುದರಿಂದ ವರ್ಷದ ಆಳಿನ ಕರಾರೂ ಯುಗಾದಿಯಿಂದ ಯುಗಾದಿಗೆ ಆಗುತ್ತಿತ್ತು. ಒಂದಿಷ್ಟು ರೂಪಾಯಿ, ಇಷ್ಟು ಚೀಲ ಜೋಳ, ಧೋತರ, ಕಂಬಳಿ, ಕಾಲಿಗೆ ಕೆರ. ಕಾಗದವಿಲ್ಲ, ರುಜುವಿಲ್ಲ, ಊರ ಹಿರಿಯರು ನಾಲ್ಕು ಜನ ಕೂತಲ್ಲಿ ಆಡಿದ ಮಾತೇ ಪತ್ರ. ಯುಗಾದಿ ಅಮಾವಾಸ್ಯೆಯ ಮುಂಚಿನ ದಿನಗಳಲ್ಲಿ ಒಳ್ಳೆಯ ಆಳಿಗೆ ಬೇರೆ ಮನೆಯಿಂದ ಕರೆ ಬಂದಿದೆ ಎಂಬ ಸುದ್ದಿ ಹೊರಟಿತೆಂದರೆ, ಹಳೆಯ ಮನೆಯ ಗೌಡರೋ ಸಾಹುಕಾರರೋ ಕರೆಕಳಿಸಿ, ‘ಒಂದು ಚೀಲ ಹೆಚ್ಚಿಗಿ ಒಯ್ಯಪಾ, ಎಲ್ಲಿ ಹೋಗ್ತಿ?’ ಎನ್ನುತ್ತಿದ್ದರು.

ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ಇಂಥ ಮಾತುಕತೆಗಳನ್ನು ನಾನು ಕೇಳಿದ್ದೇನೆ. ಗಂಡಸರು ಚೀಲಗಳ ಲೆಕ್ಕ ಮಾಡುತ್ತಿದ್ದರು. ಹೆಂಗಸರು ಕೇಳುತ್ತಿದ್ದ ಪ್ರಶ್ನೆಯೇ ಬೇರೆ: ‘ಜ್ವರ ಬಂದು ಮಲಕೊಂಡ್ರ ದಿನಾ ಮುರೀತಾರೇನು?’ ಕಾಯಿಲೆ ಬಿದ್ದ ದಿನಗಳನ್ನೆಲ್ಲ ಎಣಿಸಿಟ್ಟು ವರ್ಷದ ಕೊನೆಗೆ ಕಳೆದುಹಾಕುವ ಮನೆಯಲ್ಲಿ ಒಂದು ಚೀಲ ಹೆಚ್ಚು ಎಂಬ ಮಾತಿಗೆ ಅರ್ಥವಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಕೊಟ್ಟ ಚೀಲ ಮುರಿದ ದಿನಗಳ ದಾರಿಯಿಂದ ತಿರುಗಿ ಅದೇ ಹಗೇವಿಗೆ ಹೋಗಿ ಬೀಳುತ್ತದೆ.

ಇದೆಲ್ಲ ಸ್ವತಂತ್ರನಾಗಿದ್ದ ಆಳಿನ ಮಾತಾಯಿತು. ಮಗಳ ಮದುವೆಗೆಂದು ಮುಂಗಡ ತೆಗೆದುಕೊಂಡವನಿಗೆ ಎರಡನೆಯ ಮನೆಯ ಕರೆ ಬಂದರೂ ಬಾರದಿದ್ದರೂ ಅಷ್ಟೆ. ಹೊಸ ಮನೆಯವರು ಹಳೆಯ ಸಾಲವನ್ನು ತೀರಿಸಿ ಅವನನ್ನು ಬಿಡಿಸಿಕೊಂಡರೆ, ಸಾಲದ ಸಮೇತ ಒಂದು ಹಟ್ಟಿಯಿಂದ ಇನ್ನೊಂದು ಹಟ್ಟಿಗೆ ದಾಟಿದಂತಾಯಿತು, ಮತ್ತೇನಿಲ್ಲ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1976ರಲ್ಲಿ ಕಾಯಿದೆಯಾದ ಜೀತ ಪದ್ಧತಿ ನಿರ್ಮೂಲನ ಶಾಸನವು ಅಂಥ ಸಾಲಗಳನ್ನೇ ರದ್ದುಮಾಡಿತು. ಕಾಯಿದೆ ಬಂದೊಡನೆ ಹಳ್ಳಿಯ ಪದ್ಧತಿಯೆಲ್ಲ ಮಾಯವಾಯಿತೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ‘ಹೋಗುತ್ತೇನೆ’ ಎಂಬ ಮಾತಿಗೆ ಬೆಲೆ ಬರಬೇಕಾದರೆ ಮೊದಲು ಹೋಗಲು ದಾರಿ ಇರಬೇಕು ಎಂಬ ಸರಳ ಸತ್ಯವನ್ನು ಆ ಶಾಸನ ಒಪ್ಪಿಕೊಂಡಿತು.

ಈ ಹಳೆಯ ಮಾತುಗಳೆಲ್ಲ ಈಗ ನೆನಪಾಗುವುದಕ್ಕೆ ಕಾರಣ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು. ಸಿಂದಗಿಯಲ್ಲಿ ಮನೆ, ಅನುದಾನವಿಲ್ಲದ ಒಂದು ಖಾಸಗಿ ಶಾಲೆಯಲ್ಲಿ ಆರು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದಳು. ತಿಂಗಳಿಗೆ 12,000 ರೂಪಾಯಿ. ಬಸವನ ಬಾಗೇವಾಡಿಯ ಕಡೆಯ ಶಾಲೆಯೊಂದು 13,000ಕ್ಕೆ ಕರೆದಿತ್ತು. ರಾಜೀನಾಮೆ ಕೊಟ್ಟ ಮರುದಿನ ಆಡಳಿತ ಮಂಡಳಿಯವರು ಕರೆದು 15,000 ಕೊಡುತ್ತೇವೆಂದರಂತೆ. ‘ಆರು ವರ್ಷ ನಮ್ಮ ಮನಿ ಮಗಳಂಗ ಇದ್ದೀರಿ’ ಎಂದೂ ಅಂದರಂತೆ. ಮನೆಯ ಮಗಳಿಗೆ ಆರು ವರ್ಷ ನೆನಪಾಗದ ಮೂರು ಸಾವಿರ ರೂಪಾಯಿ ಒಂದು ರಾತ್ರಿಯಲ್ಲಿ ಎಲ್ಲಿಂದ ಬಂತೆಂದು ಅವಳು ಕೇಳಲಿಲ್ಲ, ನಾನಾಗಿದ್ದರೆ ಕೇಳುತ್ತಿದ್ದೆ.

‘ಏನ್ ಮಾಡ್ಲಿ ಹೇಳ್ರಿ ಗುರುಗಳ’ ಎಂದು ಬಂದಳು. ‘ಮೊದಲ ಯಾಕ ಬಿಡಬೇಕಂದಿದ್ದಿ, ಅದನ್ನ ಹೇಳವಾ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ಬ್ಯಾಸಗಿ ಎರಡು ತಿಂಗಳ ಪಗಾರ ಕೊಡೂದಿಲ್ರಿ.’

ಇದು ಖಾಸಗಿ ಶಾಲೆಗಳ ಸಂಗತಿ ಬಲ್ಲವರಿಗೆ ಹೊಸ ಸುದ್ದಿಯಲ್ಲ. ಹತ್ತು ತಿಂಗಳು ಸಂಬಳ. ರಜೆಯ ಎರಡು ತಿಂಗಳು ಶಿಕ್ಷಕರು ಗಾಳಿ ಸೇವಿಸಿ ಬದುಕಬೇಕೆಂದು ಲೆಕ್ಕ. ಬರೆದುನೋಡಿದೆವು. ಆಗಿನ ಸಂಬಳ 12,000ದಂತೆ ಹತ್ತು ತಿಂಗಳಿಗೆ 1,20,000. ಉಳಿದರೆ ಕೊಡುತ್ತೇವೆಂದ 15,000ದಂತೆ ಅದೇ ಹತ್ತು ತಿಂಗಳಿಗೆ 1,50,000. ಬಾಗೇವಾಡಿಯವರು ಕೊಡುವುದು ಹನ್ನೆರಡು ತಿಂಗಳ ಸಂಬಳ, 13,000ದಂತೆ 1,56,000. ತಿಂಗಳ ಲೆಕ್ಕದಲ್ಲಿ ಎರಡು ಸಾವಿರ ಹೆಚ್ಚಾಗಿ ಕಂಡದ್ದು ಯುಗಾದಿಯಿಂದ ಯುಗಾದಿಯ ಲೆಕ್ಕಕ್ಕೆ ಆರು ಸಾವಿರ ಕಡಿಮೆಯಾಯಿತು. ನಮ್ಮ ಓಣಿಯ ಹೆಂಗಸರಾಗಿದ್ದರೆ ಇದಕ್ಕೆ ಕಾಗದ ಪೆನ್ಸಿಲು ಬೇಕಾಗುತ್ತಿರಲಿಲ್ಲ.

ಬಾಗೇವಾಡಿಯ ಕಡೆಗೆ ತೊಂದರೆಯಿಲ್ಲದಿಲ್ಲ. ದಿನವೂ ದೇವರ ಹಿಪ್ಪರಗಿ ಹಾಯ್ದು ಬಸ್ಸಿನಲ್ಲಿ ಹೋಗಿಬರಬೇಕು. ಟಿಕೆಟಿನ ಚಿಂತೆಯಿಲ್ಲ, 2023ರ ಜೂನಿನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಆದರೆ ಬಸ್ಸಿನಲ್ಲಿ ಕಳೆಯುವ ಹೊತ್ತನ್ನು ಯಾವ ಯೋಜನೆಯೂ ತಿರುಗಿ ಕೊಡಲಾರದು. ಮನೆಯಲ್ಲಿ ಸಣ್ಣ ಮಗುವಿದೆ, ಹಾಸಿಗೆ ಹಿಡಿದ ಅತ್ತೆ ಇದ್ದಾರೆ. ಆ ಆರು ಸಾವಿರಕ್ಕಾಗಿ ಇಷ್ಟು ದೂರ ಅಲೆಯಬೇಕೇ ಎಂದು ಅವಳ ಗಂಡ ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. (ಸರ್ಕಾರಿ ಶಾಲೆಯ ಶಿಕ್ಷಕರಿಗೆ ಈ ಸಂಕಟವಿಲ್ಲ. ಅವರನ್ನು ಉಳಿಸಿಕೊಳ್ಳಲು ಯಾರೂ ಚಹಾ ತರಿಸುವುದಿಲ್ಲ. ಬರುವುದು ವರ್ಗಾವಣೆಯ ಆಜ್ಞೆ ಮಾತ್ರ.)

ಹಾಗೆಂದು ಉಳಿಸಿಕೊಳ್ಳಲು ಬಂದವರೆಲ್ಲ ಕಪಟಿಗಳೆಂದು ನಾನು ಹೇಳಲಾರೆ. ಹತ್ತಾರು ಜನರ ನಡುವೆ ಒಬ್ಬರ ಕೆಲಸದ ಬೆಲೆ ಯಜಮಾನರ ಕಣ್ಣಿಗೆ ಬೀಳದೆ ಹೋಗಬಹುದು. ಹೊರಗಿನವರ ಕರೆ ಬಂದಾಗ ಎಚ್ಚರವಾಗಬಹುದು. ನಿಜವಾಗಿಯೂ ಸಂಬಳವೊಂದೇ ಕೊರತೆಯಾಗಿದ್ದಲ್ಲಿ, ಅದನ್ನು ತುಂಬಿದ ಮೇಲೆ ನಿಲ್ಲುವುದರಲ್ಲಿ ನಾಚಿಕೆಯಿಲ್ಲ. ಕೊರತೆ ಬೇರೆ ಕಡೆಗಿದ್ದು, ತುಂಬುವುದು ಮಾತ್ರ ಸಂಬಳದ ಕಡೆಯಿಂದ ಆದರೆ ಪಜೀತಿ.

ಸರ್ ಎಂ. ವಿಶ್ವೇಶ್ವರಯ್ಯನವರು, ಅಂದು ನಮ್ಮ ಬಿಜಾಪುರ ಜಿಲ್ಲೆಯೂ ಸೇರಿದ್ದ ಮುಂಬಯಿ ಪ್ರಾಂತದ ಸೇವೆಯನ್ನು 1884ರಲ್ಲಿ ಸೇರಿ 1908ರಲ್ಲಿ ತಾವಾಗಿಯೇ ಬಿಟ್ಟರು. ಕೈತುಂಬ ಸಂಬಳವಿತ್ತು, ಆದರೆ ಭಾರತೀಯನಾದವನಿಗೆ ಮುಖ್ಯ ಎಂಜಿನಿಯರ್ ಪದವಿಗೆ ಏರುವ ದಾರಿ ಅಲ್ಲಿ ಕಾಣುತ್ತಿರಲಿಲ್ಲ. ಅಂಥವರಿಗೆ ‘ಇನ್ನೊಂದು ನೂರು ರೂಪಾಯಿ ತೆಗೆದುಕೊಳ್ಳಿ’ ಎಂದರೆ ಅದು ಯಾವ ಪ್ರಶ್ನೆಗೆ ಉತ್ತರ? 1909ರಲ್ಲಿ ಮೈಸೂರಿನಿಂದ ಕರೆ ಬಂದಾಗಲೂ ಅವರು ಮೊದಲು ಕೇಳಿದ್ದು ಸಂಬಳವನ್ನಲ್ಲ, ತಮಗೆ ಅಲ್ಲಿ ಮಾಡಲು ಸಿಗುವ ಕೆಲಸವೇನೆಂಬುದನ್ನು.

ಬಾಗೇವಾಡಿಯ ಮಾತು ಬಂದಾಗ ಅಲ್ಲಿ ಹುಟ್ಟಿದ ಬಸವಣ್ಣನವರ ನೆನಪು ಬಾರದೆ ಹೋಗದು. ಇಂದು ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆಗೆ ಅವರು ಹೋದದ್ದನ್ನು ಹರಿಹರನು ಬಸವರಾಜದೇವರ ರಗಳೆಯಲ್ಲಿ ಹೇಳಿದ್ದಾನೆ. ಬಿಜ್ಜಳನ ಭಂಡಾರದ ಸಿದ್ಧದಂಡಾಧೀಶನ ಬಳಿ ಕರಣಿಕರು ಲೆಕ್ಕ ಮಾಡುತ್ತಿದ್ದಾಗ ಅದರಲ್ಲಿದ್ದ ತಪ್ಪನ್ನು ಬಸವಣ್ಣ ತೋರಿಸಿಕೊಟ್ಟ. ದಂಡಾಧೀಶ ಅಲ್ಲಿಯೇ ಅವನನ್ನು ಕೆಲಸಕ್ಕೆ ಇಟ್ಟುಕೊಂಡ. ಇದು ಕಾವ್ಯ, ದಾಖಲೆಯಲ್ಲ. ಆದರೂ ಕೆಲಸವನ್ನು ಕಣ್ಣಾರೆ ಕಂಡ ದಿನವೇ ಬೆಲೆ ಕಟ್ಟಿದ ಆ ದಂಡಾಧೀಶನ ಬಗ್ಗೆ ನನಗೆ ಗೌರವವಿದೆ. ಬಿಟ್ಟು ಹೋಗುತ್ತೇನೆಂದು ಹೇಳುವವರೆಗೆ ಅವನು ಕಾಯಲಿಲ್ಲ.

ನನ್ನ ವಿದ್ಯಾರ್ಥಿನಿ ಎರಡು ದಿನ ಯೋಚಿಸಿ, ನನಗೆ ಹೊಳೆಯದಿದ್ದ ಒಂದು ಕೆಲಸ ಮಾಡಿದಳು. ಆಡಳಿತ ಮಂಡಳಿಯವರ ಎದುರಿಗೆ ಹೋಗಿ, ‘ಹೆಚ್ಚಿಗಿ ಪಗಾರ ಬ್ಯಾಡ್ರಿ, 12,000ನ ಇರಲಿ, ಬ್ಯಾಸಗಿ ಎರಡು ತಿಂಗಳದ್ದು ಎಲ್ಲಾ ಟೀಚರಿಗೂ ಕೊಡ್ರಿ, ನಾ ಇಲ್ಲೇ ಇರ್ತೀನಿ’ ಎಂದಳು. ಅವಳೊಬ್ಬಳ ಮಟ್ಟಿಗೆ ನೋಡಿದರೆ ಹನ್ನೆರಡು ತಿಂಗಳಿಗೆ 1,44,000. ಅವರು ತಾವೇ ಕೊಡಲೊಪ್ಪಿದ್ದಕ್ಕಿಂತ ಆರು ಸಾವಿರ ಉಳಿತಾಯ. ಆದರೆ ಆ ಶಾಲೆಯಲ್ಲಿ ಅವಳಂಥವರು ಇನ್ನೂ ಹತ್ತು ಜನ ಇದ್ದರು. ‘ಅದು ನಿಮ್ಮೊಬ್ಬರ ಮಾತಲ್ಲ ಬಿಡ್ರಿ’ ಎಂಬ ಉತ್ತರ ಬಂತು. ಒಬ್ಬಳ ಬಾಯಿ ಮುಚ್ಚಿಸಲು ಇದ್ದ ಹಣ ಹನ್ನೊಂದು ಜನರ ಹೊಟ್ಟೆಗೆ ಇರಲಿಲ್ಲ.

ಜೂನ್ ಮೊದಲ ವಾರದಿಂದ ಅವಳು ಬಾಗೇವಾಡಿಯ ಬಸ್ಸು ಹತ್ತುತ್ತಿದ್ದಾಳೆ. ಕೆಲಸಕ್ಕೆ ಸೇರುವಾಗ ಇಟ್ಟುಕೊಂಡಿದ್ದ ಬಿ.ಎಡ್. ಪದವಿಯ ಮೂಲ ಪ್ರಮಾಣಪತ್ರಗಳು ಮಾತ್ರ ಹಳೆಯ ಶಾಲೆಯ ಕಪಾಟಿನಲ್ಲಿಯೇ ಇವೆ. ಇವತ್ತು ನಾಳೆ ಎನ್ನುತ್ತಿದ್ದಾರಂತೆ. ಹಿಂದೆ ಸಾಲ ಮಾಡುತ್ತಿದ್ದ ಕೆಲಸವನ್ನು ಈಗ ಕಾಗದ ಮಾಡುತ್ತಿದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕೊಡಬೇಕೆಂದಿರುವ ಮನವಿಯ ಕರಡನ್ನು ಹೋದ ಭಾನುವಾರ ನನ್ನ ಕಡೆಗೆ ತಿದ್ದಲು ತಂದಿದ್ದಳು. ತಿದ್ದುವಂಥದ್ದೇನೂ ಇರಲಿಲ್ಲ. ತಾರೀಖು ಹಾಕುವುದನ್ನು ಮರೆತಿದ್ದಳು, ಹಾಕಿಸಿ ಕಳಿಸಿದೆ.